ಹೇಳದ ಒಂದು ಮಾತು

2008ರ ನವೆಂಬರ್ 2ರಂದು ದೆಹಲಿಯ ಕೋಟ್ಲಾದಲ್ಲಿ, ಬೆರಳಿಗೆ ಪೆಟ್ಟಾಗಿದ್ದ ಅನಿಲ್ ಕುಂಬ್ಳೆ ಸರಣಿಯ ನಡುವೆಯೇ ನಿವೃತ್ತಿ ಘೋಷಿಸಿದರು. ನಾಗಪುರದ ಮುಂದಿನ ಟೆಸ್ಟ್‌ಗೆ ಧೋನಿ ನಾಯಕರಾದರು, ಸರಣಿ ಭಾರತದ್ದಾಯಿತು.

ಅದೇ ಧೋನಿ 2019ರ ಜುಲೈನ ವಿಶ್ವಕಪ್ ಸೆಮಿಫೈನಲ್ ಆದಮೇಲೆ 13 ತಿಂಗಳು ಭಾರತಕ್ಕೆ ಆಡಲೂ ಇಲ್ಲ, ಬಿಟ್ಟೆನೆಂದು ಹೇಳಲೂ ಇಲ್ಲ. ವಿಕೆಟ್ ಹಿಂದೆ ನಿಂತ ರಿಷಭ್ ಪಂತ್ ತಪ್ಪಿದಾಗ ಪ್ರೇಕ್ಷಕರು ‘ಧೋನಿ, ಧೋನಿ’ ಎಂದು ಕೂಗಿದರು. 2020ರ ಜನವರಿಯಲ್ಲಿ ಪಂತ್‌ಗೆ ಪೆಟ್ಟಾದಾಗ ನಮ್ಮ ಕೆ.ಎಲ್. ರಾಹುಲ್ ಗ್ಲೌಸ್ ತೊಟ್ಟರು. ಆಗಸ್ಟ್ 15ರಂದು ಧೋನಿ ವಿದಾಯ ಹೇಳುವವರೆಗೂ ಆ ಜಾಗ ಯಾರದೂ ಅನ್ನಿಸಲಿಲ್ಲ.

ಇದು ನನಗೆ ಸರಿಯಾಗಿ ಅರ್ಥವಾಗಿದ್ದು ಚನ್ನಪಟ್ಟಣದ ನಮ್ಮ ಮನೆಯಲ್ಲಿ. ತಾತ ಐವತ್ತು ವರ್ಷ ಆಲೆಮರದ ಗೊಂಬೆ ಕಡೆದವರು. ಈಗ ಕೈ ನಡುಗುತ್ತದೆ, ಉಳಿ ಹಿಡಿಯುವುದಿಲ್ಲ. ಆದರೂ ದಿನಾ ಲೇತಿನ ಮುಂದೆ ಬಂದು ಕೂರುತ್ತಾರೆ. ಕೇಳಿದರೆ, ‘ನಾಳೆ ನೋಡೋಣ’ ಅಂತಾರೆ. ಕೆಲಸದ ಹುಡುಗರು ಅಪ್ಪನ ಮಾತಿಗೆ ಹೂಂ ಎಂದು ತಾತನ ಮುಖ ನೋಡುತ್ತಾರೆ. ಎಷ್ಟು ಅರಗು ತರಬೇಕೆಂದು ಹೇಳಲೂ ಅಪ್ಪ ಹಿಂಜರಿಯುತ್ತಾರೆ. ಅವರಿಗೀಗ ಐವತ್ತಾರು.

ತಾತ ಮನೆಯೊಳಗೆ ಕೂರಲಿ ಎಂದು ನನಗಿಲ್ಲ. ಅಲ್ಲೇ ಕೂತು ತಪ್ಪಿದ್ದನ್ನು ತೋರಿಸಲಿ. ‘ಇನ್ನು ನೀನೇ ನೋಡ್ಕೊ ಮಗ’ ಎಂಬ ಒಂದು ಮಾತು ಸಾಕು. ಅದನ್ನು ಅಪ್ಪ ಬಾಯಿಬಿಟ್ಟು ಕೇಳಲಾರರು, ತಾತನೇ ಹೇಳಬೇಕು.