ಗೂಟಕ್ಕೆ ತೂಗಿದ ಖಾಲಿ ಚೀಲ

ಕಲಬುರಗಿ ಕೋಟೆಗೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಅವರು ಮೊದಲು ಓಡುವುದು ಜಾಮಿ ಮಸೀದಿಯ ಕಮಾನುಗಳ ಕಡೆಗಲ್ಲ, ತೋಪಿನ ಕಡೆಗೆ. ಸುಮಾರು 29 ಅಡಿ ಉದ್ದದ ತೋಪು ಬಿಸಿಲು ಮಳೆಗೆ ಮೈಯೊಡ್ಡಿ ಮಲಗಿದೆ. "ಸರ್, ಇದು ಈಗ ಹಾರತದೇನ್ರಿ?" ಎಂಬುದು ಪ್ರತಿ ವರ್ಷದ ಪ್ರಶ್ನೆ. ಕಳೆದ ಸಲ ಒಬ್ಬ ಹುಡುಗ ಬೇರೆಯದನ್ನೇ ಕೇಳಿದ: "ಸುಲ್ತಾನರ ತೋಪು ಇಟ್ಟಾರ. ಪೊಲೀಸರ ಹಳೇ ಪಿಸ್ತೂಲ್ ಎಲ್ಲಿ ಇಟ್ಟಾರ್ರಿ?"

ನನ್ನ ಬಳಿ ಉತ್ತರವಿರಲಿಲ್ಲ. ಕಮಲಾಪುರದಲ್ಲಿ ನಿವೃತ್ತ ಸಬ್ ಇನ್‌ಸ್ಪೆಕ್ಟರ್ ಒಬ್ಬರಿದ್ದಾರೆ, ಅವರನ್ನು ಕೇಳಿ ಎಂದು ಸ್ನೇಹಿತರು ಹೇಳಿದರು. ಒಂದು ಭಾನುವಾರ ಬೆಳಿಗ್ಗೆ ಹುಮನಾಬಾದ್ ಕಡೆಯ ಬಸ್ಸು ಹತ್ತಿದೆ.

ಹುಡುಗ ಪಿಸ್ತೂಲು ಎಂದದ್ದು ಸರಿಯಾಗಿ ಹೇಳುವುದಾದರೆ ರಿವಾಲ್ವರ್. ಗುಂಡುಗಳನ್ನು ಹೊತ್ತ ಉರುಳೆ ಸುತ್ತುವುದರಿಂದ ಆ ಹೆಸರು. ನಮ್ಮ ಪೊಲೀಸ್ ಅಧಿಕಾರಿಗಳ ಸೊಂಟದಲ್ಲಿ ಬಹುಕಾಲ ಇದ್ದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ವೆಬ್ಲಿ ಕಂಪನಿಯ ಮಾದರಿ. ಬ್ರಿಟಿಷ್ ಸೇನೆ ಅದನ್ನು 1887ರಲ್ಲಿ ಒಪ್ಪಿಕೊಂಡಿತು. ಮೊದಲು ಪಾಯಿಂಟ್ 455 ಅಳತೆಯದು, ನಂತರ ಹಗುರಾದ ಪಾಯಿಂಟ್ 38 ಬಂತು.

ಅಮೆರಿಕದಲ್ಲಿ ಪೊಲೀಸರು 1980 ಮತ್ತು 90ರ ದಶಕಗಳಲ್ಲಿ ರಿವಾಲ್ವರ್ ಬಿಟ್ಟು ಪಿಸ್ತೂಲಿಗೆ ಹೋದರು. ಇಲಾಖೆಯ ಮುದ್ರೆಯಿರುವ, ಬಣ್ಣ ಮಾಸದ ಹಳೆಯ ರಿವಾಲ್ವರ್ ಹುಡುಕಿ ಕೊಳ್ಳುವ ಹವ್ಯಾಸಿಗಳು ಅಲ್ಲಿದ್ದಾರೆ. ನಮ್ಮಲ್ಲಿ ಅದು ಸುಲಭವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ನಂತರ ಪರವಾನಗಿ ಇದ್ದವರೂ ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಖಾಸಗಿಯವರಿಗೆ ಸಿಗುವುದು ಹೆಚ್ಚಾಗಿ ಪಾಯಿಂಟ್ 32. ರಿಪೇರಿ ಮಾಡಿದರೂ ಗುಂಡು ಹಾರದಂಥ ಪುರಾತನ ಆಯುಧಕ್ಕೆ ಮಾತ್ರ 45ನೇ ಕಲಮಿನಲ್ಲಿ ವಿನಾಯಿತಿ ಇದೆ. ಈ ಬಿಗಿ ಒಳ್ಳೆಯದೇ. ಮನೆಮನೆಯಲ್ಲಿ ರಿವಾಲ್ವರ್ ಇರುವ ಊರಿನಲ್ಲಿ ಪಾಠ ಹೇಳುವ ಆಸೆ ನನಗಂತೂ ಇಲ್ಲ.

ಕಮಲಾಪುರ ಎಂದರೆ ಕೆಂಪು ಬಾಳೆ. ಭೌಗೋಳಿಕ ಗುರುತು ಪಡೆದ ಹಣ್ಣು ಅದು. ಬಸ್ಸಿಳಿದು ಮನೆ ಕೇಳಿಕೊಂಡು ಹೋದೆ. ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದಾಗ ನೌಕರಿಗೆ ಸೇರಿದ ಹಿರಿಯರು ಅಂಗಳದಲ್ಲೇ ಕುಳಿತಿದ್ದರು. "ಬರ್ರಿ ಮಾಸ್ತರ, ಕೂಡ್ರಿ" ಎಂದು ಮಂಚ ತೋರಿಸಿದರು. ಒಳಗೆ ಗೋಡೆಯ ಗೂಟದಲ್ಲಿ ಕಂದು ಬಣ್ಣದ ಚರ್ಮದ ಚೀಲವೊಂದು ತೂಗುತ್ತಿತ್ತು. ರಿವಾಲ್ವರ್ ಇಡುವ ಚೀಲ. ಒಳಗೆ ಏನೂ ಇಲ್ಲ.

"ಬಂದೂಕ ಸರಕಾರದ್ದು, ರಿಟೈರ್ ಆದ ದಿನ ಸಹಿ ಮಾಡಿ ಒಪ್ಪಿಸಿ ಬಂದೆ. ಇದು ನನ್ನ ರೊಕ್ಕದಾಗ ಹೊಲಿಸಿದ್ದು" ಎಂದರು. ಚರ್ಮಕ್ಕೆ ಈಗಲೂ ಎಣ್ಣೆ ಹಚ್ಚುತ್ತಾರೆ. ಮುಚ್ಚಳದ ಗುಂಡಿ ಸವೆದಿದೆ, ಹೊಲಿಗೆ ಮಾತ್ರ ಒಂದೂ ಬಿಟ್ಟಿಲ್ಲ.

ವೆಬ್ಲಿ ಹೇಗೆ ತೆರೆಯುತ್ತಿತ್ತು ಎಂದು ಕೇಳಿದೆ. ಅವರು ಬರಿಗೈಯನ್ನೇ ಎತ್ತಿ ತೋರಿಸಿದರು. ಹೆಬ್ಬೆರಳಿನಿಂದ ಬದಿಯ ಚಿಲಕ ಒತ್ತಬೇಕು. ನಳಿಗೆ ಕೆಳಕ್ಕೆ ಬಾಗುತ್ತದೆ. ಉರುಳೆಯ ನಡುವಿನ ನಕ್ಷತ್ರದಾಕಾರದ ತಟ್ಟೆ ಮೇಲೆದ್ದು ಆರೂ ಖಾಲಿ ತೋಟಾಗಳನ್ನು ಒಮ್ಮೆಗೇ ಹೊರಕ್ಕೆ ಎಸೆಯುತ್ತದೆ. ಎಂಬತ್ತರ ಹತ್ತಿರದ ಕೈ ಒಂದಿಷ್ಟೂ ತಡವರಿಸಲಿಲ್ಲ.

ಉಕ್ಕಿನ ಆ ನೀಲಿಗಪ್ಪು ಹೊಳಪಿನ ಬಗ್ಗೆ ನಾನು ಮೇಷ್ಟರಂತೆ ಮಾತು ತೆಗೆದೆ. ಅದು ಬಳಿದ ಬಣ್ಣವಲ್ಲ, ಕಬ್ಬಿಣದ್ದೇ ಒಂದು ಆಕ್ಸೈಡ್, ಮ್ಯಾಗ್ನೆಟೈಟ್. ಕೆಂಪು ತುಕ್ಕಿನಂತೆ ಸುಲಿಯದೆ ಮೈಗೆ ಅಂಟಿ ಕೂಡುತ್ತದೆ, ಎಣ್ಣೆಯನ್ನು ಹಿಡಿದಿಡುತ್ತದೆ. ಆದರೆ ಚರ್ಮ ತೇವ ಹೀರುತ್ತದೆ, ಹದ ಮಾಡಿದ ಆಮ್ಲಗಳೂ ಅದರಲ್ಲಿ ಉಳಿದಿರುತ್ತವೆ ಎನ್ನುವಷ್ಟರಲ್ಲಿ ಅವರು ನಕ್ಕರು. "ಗೊತ್ತದರಿ. ಮಳಿಗಾಲದಾಗ ಚೀಲದಾಗ ಬಿಟ್ರ ನಾಕ ದಿನದಾಗ ತುಕ್ಕು ಬರತದ. ಅದಕ್ಕ ರಾತ್ರಿ ತಗದು, ಒರಸಿ, ಎಣ್ಣಿ ಬಟ್ಟಿ ಸುತ್ತಿ ಇಡತಿದ್ದೆ." ನಾನು ಪುಸ್ತಕದಲ್ಲಿ ಓದಿದ್ದನ್ನು ಅವರು ಮೂರು ದಶಕ ಮಾಡಿದ್ದರು.

ಎಷ್ಟು ಸಲ ಹಾರಿಸಿದ್ದಿರಿ ಸಾಹೇಬ್ರ ಎಂದು ಹಿಂಜರಿಯುತ್ತಲೇ ಕೇಳಿದೆ.

"ಪ್ರಾಕ್ಟೀಸಿನ್ಯಾಗ ಹಾರಿಸಿದ್ದು ಬಿಟ್ರ ಒಮ್ಮಿನೂ ಇಲ್ರಿ. ನಮ್ಮಪ್ಪನ ಕಾಲದಾಗ ಬಂದೂಕ ಅಂದ್ರ ರಜಾಕಾರರ ನೆನಪು, ಪೊಲೀಸ್ ಆಕ್ಷನ್ ನೆನಪು. ನಾ ನೌಕರಿಗೆ ಹೋಗೋ ಮುಂದ ನಮ್ಮವ್ವ ಒಂದ ಮಾತು ಹೇಳಿದ್ದಳು, ಅದು ಚೀಲದಾಗ ಇರ್ಲಿ ಅಂತ. ಇತ್ತು."

1948ರ ಸೆಪ್ಟೆಂಬರಿನ ಕಥೆಗಳನ್ನು ಕೇಳಿ ಬೆಳೆದ ನಮ್ಮ ಭಾಗದವರಿಗೆ ಆ ತಾಯಿಯ ಮಾತಿನ ತೂಕ ಬಿಡಿಸಿ ಹೇಳಬೇಕಿಲ್ಲ.

ಅವರ ರಿವಾಲ್ವರ್ ಈಗ ಎಲ್ಲಿದೆಯೋ ಅವರಿಗೆ ತಿಳಿಯದು. ಸೇವೆಗೆ ಬಾರದು ಎಂದು ತಳ್ಳಿಹಾಕಿದ ಆಯುಧಗಳನ್ನು ಕತ್ತರಿಸಿ ಕರಗಿಸುವುದು ವಾಡಿಕೆ. ಉತ್ತರ ಪ್ರದೇಶದಲ್ಲಿ ಪೊಲೀಸರ ಪಾಯಿಂಟ್ 303 ರೈಫಲಿಗೆ 2020ರ ಗಣರಾಜ್ಯೋತ್ಸವದ ಕವಾಯತಿನಲ್ಲಿ ಬೀಳ್ಕೊಡುಗೆಯಾದರೂ ಸಿಕ್ಕಿತು. ದೆಹಲಿಯಲ್ಲಿ 2018ರಿಂದ ರಾಷ್ಟ್ರೀಯ ಪೊಲೀಸ್ ವಸ್ತುಸಂಗ್ರಹಾಲಯವಿದೆ. ಆದರೆ ಕಲಬುರಗಿಯ ಹುಡುಗ ದೆಹಲಿಗೆ ಹೋಗಿ ನೋಡುವುದು ಯಾವಾಗ? ಗುಂಡು ಹಾರದಂತೆ ಮಾಡಿದ ಒಂದೆರಡು ರಿವಾಲ್ವರುಗಳನ್ನು ನಮ್ಮ ಊರಿನ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಯಾವ ಠಾಣೆಯಲ್ಲಿತ್ತು, ಯಾರು ಹೊತ್ತಿದ್ದರು ಎಂದು ಎರಡು ಸಾಲು ಬರೆದರೆ ಸಾಕು. ಸಂಗ್ರಹ ಒಬ್ಬರ ಕಪಾಟಿನದಾಗದೆ ಊರಿನದಾಗುತ್ತದೆ.

ಹೊರಡುವಾಗ ಹಿರಿಯರು ಎರಡು ಕೆಂಪು ಬಾಳೆಹಣ್ಣು ಕೈಗಿಟ್ಟರು. ಬಾಗಿಲವರೆಗೆ ಬಂದು, ಕೇಳದೇ ಇದ್ದರೂ, ಆ ರಿವಾಲ್ವರಿನ ನಂಬರು ಹೇಳಿದರು. ಒಂದಂಕಿಯೂ ತಪ್ಪಲಿಲ್ಲವೆಂದು ಖಾತ್ರಿ ಮಾಡಿಕೊಳ್ಳುವವರಂತೆ ಮತ್ತೊಮ್ಮೆ ಹೇಳಿದರು. "ಎಲ್ಲ್ಯಾರ ಕಂಡ್ರ ತಿಳಸ್ರಿ ಮಾಸ್ತರ, ಒಮ್ಮಿ ನೋಡಿ ಬರ್ತೀನಿ."

ಬಸ್ಸಿನ ಟಿಕೆಟಿನ ಹಿಂದೆ ನಂಬರು ಬರೆದುಕೊಂಡೆ. ಆ ಹುಡುಗನಿಗೆ ಹೇಳಲು ಸದ್ಯಕ್ಕೆ ನನ್ನ ಬಳಿ ಇರುವ ಉತ್ತರ ಅಷ್ಟೇ.