ತಕ್ಕಡಿಗೆ ಕೂತ ವಾಕ್ಯಗಳು

ದೇವಿಕೊಪ್ಪದ ಮಾಸ್ತರರಿಗೆ ನಿವೃತ್ತಿಯಾದ ಮೇಲೂ ಬಿಡದ ಹವ್ಯಾಸವೊಂದಿದೆ. ಇಂಗ್ಲಿಷ್‌ನಲ್ಲಿ ಬರೆದ ಹೋಲಿಕೆಯ ವಾಕ್ಯ ಎಲ್ಲಿ ಸಿಕ್ಕರೂ ಹಿಡಿದು ತೂಗುವುದು. ಸಂಜೆ ಅವರು ಕಟ್ಟೆಗೆ ಕೂತರೆ ಸಾಕು, ಓಣಿಯ ಮಕ್ಕಳು ನೋಟ್‌ಬುಕ್ ಹಿಡಿದು ಬರುತ್ತಾರೆ. ಹತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಬರೆದಿದ್ದಳು: ‘ದ ರೇನ್‌ಫಾಲ್ ಆಫ್ ಕಲಘಟಗಿ ಈಸ್ ಹೆವಿಯರ್ ದ್ಯಾನ್ ನವಲಗುಂದ.’ ಮಾತು ಖರೆ. ಕಾಡಿನ ಸೆರಗಿನ ಕಲಘಟಗಿಯ ಮಳೆ ಎಲ್ಲಿ, ಎರೆಹೊಲದ ನವಲಗುಂದದ ಮಳೆ ಎಲ್ಲಿ! ಆದರೂ ಮಾಸ್ತರರ ಪೆನ್ಸಿಲ್ ‘ದ್ಯಾನ್’ ಹತ್ತಿರ ಬಂದು ನಿಂತಿತು.

“ತಕ್ಕಡಿಯೊಳಗ ಈ ಕಡೆ ಏನ ಇಟ್ಟೀಯವಾ?”

“ಮಳಿ ರೀ ಸರ.”

“ಆ ಕಡೆ?”

“ನವಲಗುಂದ ರೀ.”

“ಒಂದ ಕಡೆ ಮಳಿ, ಇನ್ನೊಂದ ಕಡೆ ಇಡೀ ಊರು. ಹೆಂಗ ತೂಗತೀ?”

ಹುಡುಗಿ ನಕ್ಕು ‘ದ್ಯಾನ್’ ಆದಮೇಲೆ ‘ದ್ಯಾಟ್ ಆಫ್’ ಸೇರಿಸಿದಳು. ಈಗ ಎರಡೂ ಕಡೆ ಮಳೆ.

ಅವಳ ತಪ್ಪಿಗೆ ಕಾರಣ ಕನ್ನಡದ ಔದಾರ್ಯವೇ. ‘ಕಲಘಟಗಿ ಮಳಿ ನವಲಗುಂದಕ್ಕಿಂತ ಜೋರು’ ಅಂದರೆ ಆ ಎರಡನೆಯ ಮಳೆಯನ್ನು ಕೇಳುವವರೇ ತುಂಬಿಕೊಳ್ಳುತ್ತಾರೆ. ನಮ್ಮಲ್ಲಿ ಗುಣವಾಚಕದ ರೂಪವೂ ಬದಲಾಗದು. ಹೋಲಿಕೆಯ ಭಾರವನ್ನೆಲ್ಲ ‘ಇಂತ’ ಒಂದೇ ಹೊರುತ್ತದೆ. ಇಂಗ್ಲಿಷ್ ಆ ಭಾರವನ್ನು ಹಂಚಿದೆ: ಪದದ ಹಿಂದೆ ‘ಅರ್’ ಇಲ್ಲವೇ ಮುಂದೆ ‘ಮೋರ್’, ಆಮೇಲೆ ‘ದ್ಯಾನ್’. ‘ಮೋರ್ ಹೆವಿಯರ್’ ಎಂದು ಎರಡನ್ನೂ ಹಚ್ಚಿದರೆ ಇವತ್ತಿನ ಬರವಣಿಗೆಯಲ್ಲಿ ತಪ್ಪು. ಶೇಕ್ಸ್‌ಪಿಯರ್ ಕಾಲಕ್ಕೆ ಅದು ತಪ್ಪಾಗಿರಲಿಲ್ಲ. ‘ಜೂಲಿಯಸ್ ಸೀಸರ್’ ನಾಟಕದಲ್ಲಿ ‘ಮೋಸ್ಟ್’ ಮತ್ತು ‘ಎಸ್ಟ್’ ಒಂದೇ ಪದವನ್ನು ಎರಡೂ ಕಡೆಯಿಂದ ಹಿಡಿದಿವೆ.

ಮಾಸ್ತರರ ಅಚ್ಚುಮೆಚ್ಚಿನ ಉದಾಹರಣೆ ಹುಬ್ಬಳ್ಳಿಯದು. ಅಲ್ಲಿನ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ, ಜಗತ್ತಿನಲ್ಲೇ ಅತಿ ಉದ್ದದ್ದೆಂದು ಹೆಸರಾಯಿತು. ಅದಕ್ಕೂ ಮೊದಲು ಆ ಹೆಸರು ಗೋರಖಪುರದ 1,366 ಮೀಟರ್ ಪ್ಲಾಟ್‌ಫಾರ್ಮಿಗಿತ್ತು. ಸಂಭ್ರಮದಲ್ಲಿ ಮಕ್ಕಳು ಬರೆಯುವುದು ‘ಲಾಂಗರ್ ದ್ಯಾನ್ ಎನಿ ಪ್ಲಾಟ್‌ಫಾರ್ಮ್ ಇನ್ ದ ವರ್ಲ್ಡ್’. ಹುಬ್ಬಳ್ಳಿಯೂ ಆ ಜಗತ್ತಿನೊಳಗೇ ಇದೆಯಲ್ಲ! ತನಗಿಂತ ತಾನೇ ಉದ್ದ ಆಗಲು ಬಾರದು. ‘ಎನಿ ಅದರ್’ ಬೇಕು. ‘ಬೇರೆ ಯಾವ ಪ್ಲಾಟ್‌ಫಾರ್ಮಿಗಿಂತಲೂ’ ಎನ್ನುವಾಗ ನಾವು ಹಾಕುವ ‘ಬೇರೆ’ಯೇ ಅದು. ಎಷ್ಟು ಉದ್ದ ಎಂದು ಹೇಳಬೇಕಾದರೆ ‘141 ಮೀಟರ್ಸ್ ಲಾಂಗರ್ ದ್ಯಾನ್ ಗೋರಖಪುರ್ಸ್’. ಕೊನೆಯ ಆ ಒಂದು ‘ಸ್’ ಬಿಟ್ಟರೆ ಮತ್ತೆ ತಕ್ಕಡಿಯ ಒಂದು ಕಡೆ ಊರು ಬಂದು ಕೂರುತ್ತದೆ.

‘ಸೀನಿಯರ್’ ಪದದ ಮುಂದೆ ಮಾತ್ರ ಎಂಥ ಜಾಣರೂ ಎಡವುತ್ತಾರೆ. ‘ಅವರು ನನಗಿಂತ ಸೀನಿಯರ್’ ಎಂದು ದಿನಾ ಆಡುವ ಬಾಯಿಗೆ ‘ಸೀನಿಯರ್ ದ್ಯಾನ್ ಮಿ’ ಸಲೀಸು. ಆದರೆ ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್ ಇವೆಲ್ಲ ಹೋಲಿಕೆಯ ಬಾಲವನ್ನು ಲ್ಯಾಟಿನ್‌ನಲ್ಲೇ ಹಚ್ಚಿಕೊಂಡು ಬಂದವು. ಅವಕ್ಕೆ ‘ಮೋರ್’ ಬೇಡ, ‘ದ್ಯಾನ್’ ಬೇಡ, ‘ಟು’ ಸಾಕು. ಮಾಸ್ತರರು ಇದಕ್ಕೊಂದು ಕೀಲಿಕೈ ಹುಡುಕಿಕೊಂಡಿದ್ದಾರೆ. ‘ನನಗಿಂತ’ ಪದವನ್ನು ಒಡೆದರೆ ‘ನನಗೆ’ ಮತ್ತು ‘ಇಂತ’. ಸೀನಿಯರ್ ಬಂದಾಗ ‘ಇಂತ’ ಬಿಟ್ಟು ‘ನನಗೆ’ ಇಟ್ಟುಕೊಂಡರೆ ‘ಟು ಮಿ’ ತಾನಾಗಿ ಬರುತ್ತದೆ. ಇದನ್ನು ಹೇಳುವಾಗ ಅವರ ಮುಖ ನೋಡಬೇಕು, ಹೊಲದಲ್ಲಿ ಹೊನ್ನು ಸಿಕ್ಕವರಂತೆ ಅರಳುತ್ತದೆ.

ಕನ್ನಡವೇ ಎರಡರ್ಥ ಕೊಡುವ ಕಡೆಯೂ ಉಂಟು. ಅದೇ ಹುಡುಗಿ ತಮ್ಮನ ಮೇಲೆ ಬರೆದ ಪ್ರಬಂಧದಲ್ಲಿ, ಅವ್ವ ಅವನನ್ನು ‘ಮೋರ್ ದ್ಯಾನ್ ಮಿ’ ಪ್ರೀತಿಸುತ್ತಾಳೆ ಎಂದಿತ್ತು.

“ನಿನ್ನ ಪ್ರೀತಿ ಮಾಡೂದಕ್ಕಿಂತ ಹೆಚ್ಚೋ, ನೀ ಅಂವನ್ನ ಪ್ರೀತಿ ಮಾಡೂದಕ್ಕಿಂತ ಹೆಚ್ಚೋ?” ಎಂದರು ಮಾಸ್ತರರು.

‘ನನಗಿಂತ’ ಎಂಬ ಒಂದೇ ಪದದಲ್ಲಿ ಎರಡೂ ಅಡಗಿದ್ದು ಅವಳಿಗೆ ಆಗಲೇ ಹೊಳೆದದ್ದು. ಪೆನ್ಸಿಲ್ ತುದಿ ಕಚ್ಚುತ್ತ ಸ್ವಲ್ಪ ಹೊತ್ತು ಕೂತಳು. ಆಮೇಲೆ ‘ಮಿ’ ಅಳಿಸಿ ‘ಐ ಡೂ’ ಎಂದು ಬರೆದಳು.

“ನಾನೂ ಅಂವನ್ನ ಭಾಳ ಪ್ರೀತಿ ಮಾಡತೀನ್ರೀ ಸರ,” ಎಂದು ನೋಟ್‌ಬುಕ್ ಮಡಚಿಕೊಂಡಳು.