ಹಸಿವನ್ನು ಅರಿಯುವ ದಯೆ



ಸರ್ಪದ ಹಿಡಿತದಲ್ಲಿದ್ದರೂ ತನ್ನ ಆಹಾರದತ್ತಲೇ ಕಣ್ಣಿಟ್ಟ ಕಪ್ಪೆಯ ದೃಷ್ಟಾಂತವನ್ನು ಬಸವಣ್ಣನವರು ಒಂದು ವಚನದಲ್ಲಿ ನೀಡಿದ್ದಾರೆ. ಮರಣ ಸಮೀಪಿಸಿದರೂ ಬಿಡದ ಆಸೆಯನ್ನು ತೋರುವುದು ಅದರ ಆಶಯ. ಆದರೆ ಆಸೆ ಬೇರೆ, ಹಸಿವು ಬೇರೆ. ಈ ಭೇದವನ್ನು ಹುಬ್ಬಳ್ಳಿಯ ದುರ್ಗದಬೈಲಿನ ಮನೆಯೊಂದರಲ್ಲಿ ಒಂದು ನೆಲಗಪ್ಪೆ ತಿಳಿಸಿಕೊಟ್ಟಿತು.

ಸಂಜೆಯಾದರೆ ಗಿರಮಿಟ್ಟು, ಮಿರ್ಚಿಗಳ ಗಾಡಿಗಳಿಂದ ತುಂಬುವ ಬೈಲು ಅದು. ಅಲ್ಲಿ ಯಾರೂ ಹಸಿದು ಹೋಗುವುದಿಲ್ಲವೆಂಬ ಮಾತಿದ್ದರೂ, ಅದೇ ಓಣಿಯ ಮನೆಯ ಬಕೆಟ್ಟಿನಲ್ಲಿ ಒಂದು ಜೀವ ಉಪವಾಸ ಬಿದ್ದಿತ್ತು. ಹಿತ್ತಿಲಲ್ಲಿ ಸಿಕ್ಕ ಕಪ್ಪೆಯನ್ನು ಮೊಮ್ಮಗ ಪ್ರೀತಿಯಿಂದ ಸಾಕಿದ್ದ. ದಿನವೂ ಅನ್ನ, ಹಾಲು, ರೊಟ್ಟಿಯ ಚೂರು ಇಡುತ್ತಿದ್ದ. ಕಪ್ಪೆ ಮುಟ್ಟಲಿಲ್ಲ. ಅದರ ಸೊಂಟದ ಎಲುಬು ಎದ್ದುಬಂದವು, ಕಣ್ಣು ಗುಳಿ ಬಿದ್ದವು.

ಪಶುವೈದ್ಯರು ತಿಳಿಸಿದ ಸಂಗತಿಗಳು ಸರಳವಾಗಿದ್ದವು. ಕಪ್ಪೆ ನೀರನ್ನು ಬಾಯಿಂದ ಕುಡಿಯದೆ ಚರ್ಮದಿಂದ ಹೀರುತ್ತದೆ. ಆದ್ದರಿಂದ ಕ್ಲೋರಿನ್ ಹೋಗುವಂತೆ ಒಂದು ದಿನ ತೆರೆದಿಟ್ಟ ನಲ್ಲಿನೀರನ್ನು ಹೊಟ್ಟೆ ಮುಳುಗುವಷ್ಟು ಮಾತ್ರ ಹಾಕಬೇಕು. ಮೊದಲು ನೀರು, ನೆರಳು, ವಿಶ್ರಾಂತಿ, ಅನಂತರ ಆಹಾರ. ಆ ಆಹಾರವೂ ಚಲಿಸುವ ಜೀವವಾಗಿರಬೇಕು, ಚಲಿಸದ ವಸ್ತು ಅದರ ಕಣ್ಣಿಗೆ ಆಹಾರವೇ ಅಲ್ಲ.

ಅಜ್ಜಿಗೆ ಧರ್ಮಸಂಕಟವಾಯಿತು. ಇರುವೆಯ ಸಾಲು ಕಂಡರೆ ಸರಿದು ನಡೆಯುವ ಶರಣೆ ಅವರು. ಒಂದು ಜೀವವನ್ನು ಉಳಿಸಲು ಇನ್ನೊಂದು ಜೀವವನ್ನು ಕೊಡುವುದೆಂತು? ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ ಮೊಮ್ಮಗನಿಗೆ ಹೇಳಿದರು: "ತಮ್ಮಾ, ಅದರ ಮುಂದ ನಮ್ಮ ಅನ್ನಾ ಇಟ್ಟರ ನಮಗ ಸಮಾಧಾನ ಆಕ್ಕೈತಿ, ಅದರ ಹೊಟ್ಟಿ ತುಂಬೂದಿಲ್ಲ."

ಮಳೆಯ ಸಂಜೆ ಹಿತ್ತಿಲ ದೀಪಕ್ಕೆ ರೆಕ್ಕೆಯ ಗೆದ್ದಲುಗಳು ಮುತ್ತಿದವು. ಅಜ್ಜಿ ಬಕೆಟ್ಟನ್ನು ಮೆಲ್ಲಗೆ ಅಡ್ಡ ಮಲಗಿಸಿ ದೂರ ಕುಳಿತರು. ಬಹಳ ಹೊತ್ತು ಕಪ್ಪೆ ಅಲುಗಲಿಲ್ಲ. ಬಳಿಕ ಒಂದು ಹುಳು ಅದರ ಮುಂದೆ ತೆವಳಿತು, ನಾಲಿಗೆ ಮಿಂಚಿತು. ಹುಡುಗ ಚಪ್ಪಾಳೆ ತಟ್ಟಿದ. ಅಜ್ಜಿ ತಟ್ಟಲಿಲ್ಲ. ಉಳಿದ ಜೀವವನ್ನೂ ಅಳಿದ ಜೀವವನ್ನೂ ಅವರು ಒಟ್ಟಿಗೆ ಕಂಡಿದ್ದರು.

ಕೆಲವು ವಾರಗಳಲ್ಲಿ ಕಪ್ಪೆ ಮೈದುಂಬಿತು. ಸಾಕಿದ್ದನ್ನು ಬಿಡಲು ಹುಡುಗ ಒಪ್ಪದಿದ್ದಾಗ ಅಜ್ಜಿ, ಅದಕ್ಕೂ ತನ್ನ ಬಳಗವಿದೆಯೆಂದರು. ಆ ಮಾತಿಗೆ ಇದೇ ನೆಲದ ಸಾಕ್ಷಿಯುಂಟು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸೈದಾಪುರ ಮತ್ತು ಗಿರೀಶ ಅವರು 2000ರಲ್ಲಿ ಪ್ರಕಟಿಸಿದ ಅಧ್ಯಯನವು, ನಮ್ಮ ಸಾಮಾನ್ಯ ನೆಲಗಪ್ಪೆಯ ಮರಿಗಳು ಒಡಹುಟ್ಟಿದವರನ್ನು ಗುರುತಿಸಿ ಅವರ ಬಳಿ ಹೆಚ್ಚು ಹೊತ್ತು ಇರುತ್ತವೆಂದು ತೋರಿಸಿದೆ.

ಸಿಕ್ಕಿದ್ದ ಕಲ್ಲುಸಂದಿಯಲ್ಲಿಯೇ ಅದನ್ನು ಬಿಟ್ಟರು. ಅದು ತಿರುಗಿ ನೋಡಲಿಲ್ಲ.

ನಮಗೆ ರುಚಿಸಿದ್ದನ್ನು ಪರರಿಗೆ ನೀಡಿ ದಯೆ ತೋರಿದೆವೆಂದು ತಿಳಿಯುವುದು ಸುಲಭ. ಪರಜೀವದ ಹಸಿವು ಯಾವುದೆಂದು ಕೇಳಿ ಅರಿತು ನೀಡುವುದು, ನೀಡಿದ ಮೇಲೆ ತನ್ನದೆನ್ನದೆ ಬಿಡುವುದು ಕಠಿಣ. ಶರಣರು ಬೋಧಿಸಿದ ದಯೆಯು ಅರಿವಿನಿಂದ ಬೇರೆಯಾದುದಲ್ಲ.